ಜೇನಿನ ಕೊಂಡಿಯೂ ದೇಹದ ದುಡುಕೂ

ಹನೂರು ತಾಲ್ಲೂಕಿನ ಅಜ್ಜೀಪುರದ ಹೊಲಗಳಲ್ಲಿ ನಿಂತು ನೋಡಿದರೆ ದೃಷ್ಟಿಯು ಕೊನೆಗೆ ಬೆಟ್ಟದ ಸಾಲಿಗೇ ಹೋಗಿ ಮುಟ್ಟುತ್ತದೆ. ರಾಗಿಯ ಹೊಲ, ಮುಸುಕಿನ ಜೋಳದ ಹೊಲ, ಅಲ್ಲಲ್ಲಿ ಹಿಪ್ಪುನೇರಳೆ. ಅವುಗಳಾಚೆ ಕುರುಚಲು ಕಾಡು. ಅದರಾಚೆ ಮಲೆ ಮಹದೇಶ್ವರನ ಬೆಟ್ಟಗಳು. ಬೇಸಗೆಯಲ್ಲಿ ಕಾಡಿನ ಮರಗಳು ಹೂಬಿಡುವಾಗ ಹೆಜ್ಜೇನುಗಳು ಎತ್ತರದ ಕೊಂಬೆಗಳಲ್ಲಿಯೂ ಬಂಡೆಯ ಮೊಗಗಳಲ್ಲಿಯೂ ಒಂದೊಂದು ಮೀಟರು ಅಗಲದ ತೆರೆದ ಹುಟ್ಟುಗಳನ್ನು ಕಟ್ಟುತ್ತವೆ. ಇಲ್ಲಿನ ಸೋಲಿಗರಿಗೆ ಜೇನು ಕೀಳುವುದು ತಲೆಮಾರುಗಳಿಂದ ಬಂದ ವೃತ್ತಿ; ಹೆಜ್ಜೇನು, ತುಡುವೆ, ಕಡ್ಡಿಜೇನು, ನಸರಿ ಎಂದು ಅವರು ಜೇನಿನ ಜಾತಿಗಳನ್ನು ನಮ್ಮ ಪುಸ್ತಕಗಳಿಗಿಂತ ಮೊದಲೇ ವಿಂಗಡಿಸಿಟ್ಟಿದ್ದಾರೆ. ಊರಿನವರಿಗೂ ಜೇನಿನ ಪರಿಚಯ ಉಂಟು. ಕುಟುಕಿದರೆ ಕೊಂಡಿ ಕಿತ್ತು ಸುಣ್ಣ ಹಚ್ಚುತ್ತಾರೆ. ಕಣ್ಣು ಬಾತುಕೊಂಡರೆ ಎರಡು ದಿನ ನಗೆಪಾಟಲು. ಅಲ್ಲಿಗೆ ವಿಷಯ ಮುಗಿಯಿತು.

ಮುಗಿಯದಿರುವುದೂ ಉಂಟು. ನಲವತ್ತು ವರ್ಷದ ಒಬ್ಬ ಆರೋಗ್ಯವಂತ ರೈತನನ್ನು ಊಹಿಸಿಕೊಳ್ಳೋಣ. ಹೊಲದ ಬದುವಿನಲ್ಲಿ ಒಂದೇ ಒಂದು ಜೇನುನೊಣ ಅವನ ಕತ್ತಿಗೆ ಕುಟುಕಿತು. ಹಿಂದೆಯೂ ಒಂದೆರಡು ಸಲ ಕುಟುಕಿಸಿಕೊಂಡವನೇ. ಅವನು ಅದನ್ನು ಲೆಕ್ಕಕ್ಕಿಡಲಿಲ್ಲ. ಐದು ನಿಮಿಷದಲ್ಲಿ ಅಂಗೈ ಅಂಗಾಲುಗಳು ನವೆಯೆದ್ದವು. ಮೈಮೇಲೆ ದದ್ದುಗಳು ಮೂಡಿದವು. ಗಂಟಲು ಬಿಗಿಯಿತು, ದನಿ ಒಡೆಯಿತು, ವಾಂತಿಯಾಯಿತು. ‘ಕಣ್ಣು ಕತ್ತಲಿಡುತ್ತಿದೆ’ ಎಂದು ಕುಸಿದು ಕುಳಿತನು. ಜೊತೆಯಲ್ಲಿದ್ದವರು ಅವನನ್ನು ಎಬ್ಬಿಸಿ, ಇಬ್ಬರ ನಡುವೆ ಮೋಟರ್ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟರು. ಅವರ ಕಳಕಳಿಯಲ್ಲಿ ಕೊರತೆಯೇನೂ ಇಲ್ಲ. ಆದರೂ ಅವರು ಮಾಡಿದ ಒಂದು ಕೆಲಸ ಮಾತ್ರ ಅವನ ಪ್ರಾಣಕ್ಕೆ ಎರವಾಗಬಹುದು. ಯಾವ ಕೆಲಸವದು? ಆಸ್ಪತ್ರೆಗೆ ಒಯ್ದದ್ದಲ್ಲ, ಕೂರಿಸಿಕೊಂಡು ಒಯ್ದದ್ದು. ಇದಕ್ಕೆ ಕಾರಣವೇನೆಂಬುದು ಭೌತಶಾಸ್ತ್ರದ ಮೊದಲ ಪಾಠಗಳಿಂದಲೇ ತಿಳಿಯುತ್ತದೆ. ತರಗತಿಯಲ್ಲಿ ಕೊಳವೆ, ಒತ್ತಡ, ಪ್ರವಾಹಗಳನ್ನು ಬೋಧಿಸುವ ನಾವು ವೈದ್ಯರ ಹೊಲಕ್ಕೆ ಕಾಲಿಡುತ್ತಿರುವುದು ಈ ಧೈರ್ಯದಿಂದ.

ಮೊದಲು ಒಂದು ಸಣ್ಣ ಲೆಕ್ಕ. ಸಾಕುಜೇನಿನ ಒಂದು ಕೊಂಡಿ ಮೈಗಿಳಿಸುವ ವಿಷ ಸುಮಾರು ೦.೧ ಮಿಲಿಗ್ರಾಮು. ರೈತನ ತೂಕ ೬೦ ಕಿಲೋಗ್ರಾಮು ಎಂದುಕೊಂಡರೆ, ಅವನ ದೇಹವು ಆ ವಿಷಕ್ಕಿಂತ ೬೦ ಕೋಟಿ ಪಾಲು ಭಾರ. ಇಷ್ಟು ಅಲ್ಪವಾದ ವಿಷ ಅಷ್ಟು ದೊಡ್ಡ ದೇಹವನ್ನು ಕೆಡವಬಲ್ಲುದೆ? ಕೆಡವಲಾರದು. ಹೆಜ್ಜೇನಿನ ಹಿಂಡೇ ಮೇಲೆರಗಿ ನೂರಾರು ಕೊಂಡಿಗಳು ನಾಟಿದಾಗ ಮಾತು ಬೇರೆ. ಅಲ್ಲಿ ವಿಷವೇ ನೇರವಾಗಿ ಸ್ನಾಯುಗಳನ್ನೂ ರಕ್ತಕಣಗಳನ್ನೂ ಒಡೆಯುತ್ತದೆ, ಒಂದೆರಡು ದಿನಗಳಲ್ಲಿ ಮೂತ್ರಪಿಂಡಗಳು ಕೆಲಸ ನಿಲ್ಲಿಸಬಹುದು. ಅದು ಯಾರಿಗಾದರೂ ಆಗುವಂಥದು. ಅಲ್ಲಿ ಕೊಂಡಿಗಳ ಎಣಿಕೆಯೇ ಮುಖ್ಯ. ನಮ್ಮ ರೈತನಿಗೆ ಆದದ್ದು ಅದಲ್ಲ. ಅವನನ್ನು ಕೆಡವಿದ್ದು ವಿಷವಲ್ಲ, ಆ ವಿಷವನ್ನು ಕಂಡು ದುಡುಕಿದ ಅವನದೇ ದೇಹ. ಇದಕ್ಕೆ ಅನಾಫಿಲ್ಯಾಕ್ಸಿಸ್ ಎಂದು ಹೆಸರು. ಅಲರ್ಜಿಯ ಅತ್ಯಂತ ಉಗ್ರವಾದ ರೂಪವಿದು.

ಈ ಹೆಸರು ಹುಟ್ಟಿದ್ದು ಒಂದು ಸಮುದ್ರಯಾನದ ಫಲವಾಗಿ. ೧೯೦೧ರಲ್ಲಿ ಮೊನಾಕೋ ದೇಶದ ದೊರೆ ಒಂದನೆಯ ಆಲ್ಬರ್ಟನು ತನ್ನ ವಿಹಾರನೌಕೆಯಲ್ಲಿ ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ಟಿಯೇ ಎಂಬ ವಿಜ್ಞಾನಿಗಳನ್ನು ಕರೆದೊಯ್ದನು. ಮೈಗೆ ತಾಗಿದರೆ ಉರಿಯೆಬ್ಬಿಸುವ ಕಡಲಜೀವಿಗಳ ವಿಷವನ್ನು ಪರೀಕ್ಷಿಸುವುದು ಅವರ ಉದ್ದೇಶ. ಊರಿಗೆ ಮರಳಿದ ಮೇಲೆ ಕಡಲಹೂ ಎಂಬ ಪ್ರಾಣಿಯ ವಿಷದಿಂದ ನಾಯಿಗಳ ಮೇಲೆ ಪ್ರಯೋಗ ಮುಂದುವರಿಸಿದರು. ಸಣ್ಣ ಪ್ರಮಾಣದಲ್ಲಿ ವಿಷ ಕೊಟ್ಟು ಕ್ರಮೇಣ ನಾಯಿಗೆ ರಕ್ಷಣೆ ಬರಿಸಬೇಕೆಂಬುದು ಅವರ ಆಸೆ. ನೆಪ್ಚೂನ್ ಎಂಬ ಗಟ್ಟಿಮುಟ್ಟಾದ ನಾಯಿ ಮೊದಲ ಚುಚ್ಚುಮದ್ದನ್ನು ನಿರಾತಂಕವಾಗಿ ತಡೆದುಕೊಂಡಿತು. ಮೂರು ವಾರಗಳಿಗೂ ಮಿಕ್ಕಿ ಕಾದು ಮತ್ತೆ ಅಷ್ಟೇ ಅಲ್ಪಪ್ರಮಾಣವನ್ನು ಕೊಟ್ಟಾಗ, ಕೆಲವೇ ಕ್ಷಣಗಳಲ್ಲಿ ಏದುಸಿರು ಬಿಡುತ್ತ ನೆಲಕ್ಕೊರಗಿ ಅರ್ಧ ಗಂಟೆಯೊಳಗೆ ಸತ್ತಿತು. ರಕ್ಷಣೆ ಹೆಚ್ಚುವ ಬದಲು ಕಳೆದುಹೋಗಿತ್ತು! ರಕ್ಷಣೆ ಎಂಬರ್ಥದ ಗ್ರೀಕ್ ಪದಕ್ಕೆ ವಿರುದ್ಧಾರ್ಥದ ಉಪಸರ್ಗವನ್ನು ಸೇರಿಸಿ ೧೯೦೨ರಲ್ಲಿ ಅವರು ಈ ಹೆಸರನ್ನು ಟಂಕಿಸಿದರು. ರಿಶೆಗೆ ೧೯೧೩ರ ನೊಬೆಲ್ ಪಾರಿತೋಷಕ ದೊರೆಯಿತು. ಎಣಿಸಿದ್ದೊಂದು ಆದದ್ದೊಂದು ಎಂದು ಪ್ರಯೋಗವನ್ನು ಮೂಲೆಗೆಸೆಯದೆ, ಆದದ್ದನ್ನೇ ಹಿಡಿದು ಯೋಚಿಸಿದ್ದು ಅವರ ಹಿರಿಮೆ.

ಮೊದಲ ಸಲ ಸುಮ್ಮನಿದ್ದ ದೇಹ ಎರಡನೆಯ ಸಲ ಏಕೆ ಕೆರಳಿತು? ಉತ್ತರ ದೊರೆಯಲು ಅರವತ್ತು ವರ್ಷಗಳಿಗೂ ಹೆಚ್ಚು ಹಿಡಿಯಿತು. ೧೯೨೧ರಲ್ಲಿ ಜರ್ಮನಿಯ ಪ್ರೌಸ್ನಿಟ್ಸ್ ಎಂಬಾತನು, ಮೀನು ಒಗ್ಗದ ತನ್ನ ಸಹೋದ್ಯೋಗಿ ಕ್ಯುಸ್ಟ್ನರನ ರಕ್ತದ ತಿಳಿಯನ್ನು ತನ್ನ ಚರ್ಮಕ್ಕೆ ಚುಚ್ಚಿಕೊಂಡು, ಮರುದಿನ ಅದೇ ಜಾಗಕ್ಕೆ ಮೀನಿನ ಸಾರವನ್ನು ಚುಚ್ಚಿದನು; ಅಲ್ಲಿ ದದ್ದು ಎದ್ದಿತು. ಅಲರ್ಜಿಯನ್ನು ಹೊತ್ತೊಯ್ಯುವ ವಸ್ತು ರಕ್ತದಲ್ಲಿ ಇದೆಯೆಂದು ಇದರಿಂದ ಸಿದ್ಧವಾಯಿತು. ಆ ವಸ್ತು ಇಮ್ಯುನೋಗ್ಲಾಬುಲಿನ್ ‘ಇ’ ಎಂಬ ಪ್ರತಿಕಾಯವೆಂದು ೧೯೬೬-೬೭ರ ಸುಮಾರಿಗೆ ಅಮೆರಿಕದಲ್ಲಿ ಕೆಲಸಮಾಡುತ್ತಿದ್ದ ಇಶಿಜಾಕಾ ದಂಪತಿಗಳೂ ಸ್ವೀಡನ್ನಿನ ಯೋಹಾನ್ಸನ್ ಮತ್ತು ಬೆನ್ನಿಕ್ ಎಂಬವರೂ ಬೇರೆಬೇರೆಯಾಗಿ ಕಂಡುಕೊಂಡರು.

ನಡೆಯುವುದು ಹೀಗೆ. ಮೊದಲ ಕುಟುಕಿನ ತರುವಾಯ ಕೆಲವರ ದೇಹವು ಜೇನುವಿಷಕ್ಕೆಂದೇ ಈ ಪ್ರತಿಕಾಯವನ್ನು ತಯಾರಿಸುತ್ತದೆ. ಚರ್ಮ, ಶ್ವಾಸನಾಳ, ಕರುಳು, ರಕ್ತನಾಳಗಳ ಸುತ್ತಮುತ್ತ ಮಾಸ್ಟ್ ಕೋಶಗಳೆಂಬ ಜೀವಕೋಶಗಳಿವೆ. ಅವುಗಳ ಒಡಲಲ್ಲಿ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳು ಕಣಕಣಗಳಾಗಿ ತುಂಬಿರುತ್ತವೆ. ಪ್ರತಿಕಾಯಗಳು ಹೋಗಿ ಈ ಕೋಶಗಳ ಮೈಮೇಲೆ ನೆಟ್ಟುಕೊಳ್ಳುತ್ತವೆ. ಹೊರಗೆ ಏನೂ ತಿಳಿಯದು. ಮದ್ದು ತುಂಬಿದ ಫಿರಂಗಿಯಂತೆ ಎಲ್ಲವೂ ಸಿದ್ಧವಾಗಿ ಕುಳಿತಿರುತ್ತದೆ. ಮುಂದೊಂದು ದಿನ ಅದೇ ವಿಷದ ಅಣು ಬಂದು ಅಕ್ಕಪಕ್ಕದ ಎರಡು ಪ್ರತಿಕಾಯಗಳಿಗೆ ಸೇತುವೆಯಂತೆ ಅಂಟಿಕೊಂಡಾಗ ಕೋಶವು ತನ್ನ ಸರಕನ್ನೆಲ್ಲ ಒಮ್ಮೆಗೇ ಹೊರಚೆಲ್ಲುತ್ತದೆ. ಒಂದು ಕೋಶದಿಂದ ಆಗುವುದೇನೂ ಇಲ್ಲ. ಮೈಯ ಉದ್ದಗಲಕ್ಕೂ ಅಸಂಖ್ಯ ಕೋಶಗಳು ಒಟ್ಟಿಗೆ ಚೆಲ್ಲಿದಾಗ ಅನಾಹುತ. ವಿಷವು ಇಲ್ಲಿ ಬರಿಯ ಕಿಡಿ.

ಚೆಲ್ಲಿದ ರಾಸಾಯನಿಕಗಳು ಮಾಡುವ ಹಾನಿಯನ್ನು ಕೊಳವೆಗಳ ಭಾಷೆಯಲ್ಲಿ ಹೇಳಬಹುದು. ನಮ್ಮ ದೇಹದಲ್ಲಿ ಎರಡು ಬಗೆಯ ಕೊಳವೆಗಳು: ಗಾಳಿ ಹರಿಯುವಂಥವು, ರಕ್ತ ಹರಿಯುವಂಥವು. ದುರದೃಷ್ಟವಶಾತ್ ಮೊದಲನೆಯವು ಕಿರಿದಾಗುತ್ತವೆ, ಎರಡನೆಯವು ಹಿಗ್ಗುತ್ತವೆ. ಎರಡೂ ಬೇಡವಾದ ದಿಕ್ಕುಗಳೇ!

ಗಾಳಿಯ ಕೊಳವೆಯನ್ನು ಮೊದಲು ನೋಡೋಣ. ಕೊಳವೆಯಲ್ಲಿ ದ್ರವದ ಸಮಪ್ರವಾಹಕ್ಕೆ ಒದಗುವ ರೋಧವು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮವೆಂದು ಪ್ವಾಸಯ್ ನಿಯಮ ಹೇಳುತ್ತದೆ. ಪ್ವಾಸಯ್ ವೃತ್ತಿಯಿಂದ ವೈದ್ಯನೆಂಬುದನ್ನು ನಮ್ಮ ವಿದ್ಯಾರ್ಥಿಗಳು ಮರೆಯುತ್ತಾರೆ. ಸಣ್ಣ ರಕ್ತನಾಳಗಳ ವಿಚಾರದಲ್ಲಿ ಕುತೂಹಲಗೊಂಡೇ ಅವನು ಈ ನಿಯಮಕ್ಕೆ ಬಂದದ್ದು. ಶ್ವಾಸನಾಳದ ಒಳಪೊರೆ ಊದಿ, ಸ್ನಾಯು ಬಿಗಿದು, ತ್ರಿಜ್ಯವು ಮುಕ್ಕಾಲಿಗೆ ಇಳಿದರೆ ರೋಧವು ಮೂರು ಪಟ್ಟಿಗೂ ಹೆಚ್ಚು. ಅರ್ಧಕ್ಕೆ ಇಳಿದರೆ ಹದಿನಾರು ಪಟ್ಟು. ದೊಡ್ಡ ನಾಳಗಳಲ್ಲಿ ಗಾಳಿಯು ಸುಳಿಸುಳಿಯಾಗಿ ಹರಿಯುವುದರಿಂದ ಈ ನಿಯಮ ಅಲ್ಲಿ ಅಂದಾಜಿಗೆ ಮಾತ್ರ. ಆದರೂ ವಾಸ್ತವಸ್ಥಿತಿ ಇದಕ್ಕಿಂತ ಹಿತವಾಗಿಯೇನೂ ಇರದು. ಉಸಿರಿನೊಡನೆ ಬರುವ ಸಿಳ್ಳಿನಂಥ ಶಬ್ದ, ಒಡೆದ ದನಿ, ನುಂಗಲು ಕಷ್ಟವೆಂಬ ದೂರು—ಇವು ಕಿರಿದಾಗುತ್ತಿರುವ ಕೊಳವೆಯ ಸದ್ದುಗಳು.

ಇನ್ನು ರಕ್ತದ ಕೊಳವೆಗಳು. ವಯಸ್ಕನಲ್ಲಿ ಸುಮಾರು ಐದು ಲೀಟರು ರಕ್ತವಿರುತ್ತದೆ. ನಾಳಗಳು ತಕ್ಕಷ್ಟು ಬಿಗಿಯಾಗಿದ್ದರೆ ಮಾತ್ರ ಈ ಐದು ಲೀಟರಿನಲ್ಲಿ ಒತ್ತಡ ನಿಲ್ಲುತ್ತದೆ. ಅನಾಫಿಲ್ಯಾಕ್ಸಿಸಿನಲ್ಲಿ ನಾಳಗಳು ಸಡಿಲಿ ಹಿಗ್ಗುತ್ತವೆ. ಸಾಲದ್ದಕ್ಕೆ ಸೂಕ್ಷ್ಮನಾಳಗಳ ಗೋಡೆ ಜಾಲರಿಯಂತಾಗಿ ದ್ರವ ಹೊರಗೆ ಸೋರುತ್ತದೆ. ತೀವ್ರ ಪ್ರಸಂಗಗಳಲ್ಲಿ ನಾಳದೊಳಗಿನ ದ್ರವದ ಮೂರನೆಯ ಒಂದು ಪಾಲು ಹತ್ತೇ ನಿಮಿಷಗಳಲ್ಲಿ ಹೀಗೆ ಸೋರಿಹೋಗಬಲ್ಲುದು. ಮೈಮೇಲೆ ಗಾಯವಿಲ್ಲ, ಒಂದು ತೊಟ್ಟು ರಕ್ತ ನೆಲಕ್ಕೆ ಬಿದ್ದಿಲ್ಲ. ಆದರೂ ಅವನು ಕತ್ತಿಯೇಟು ತಿಂದವನಂತೆ ಬರಿದಾಗುತ್ತಿದ್ದಾನೆ.

ಈಗ ಅವನನ್ನು ಎಬ್ಬಿಸಿ ಕೂರಿಸಿದರೆ ಏನಾಗುತ್ತದೆ? ಆರೋಗ್ಯವಂತನಾದ ನಮ್ಮಂಥವನು ಎದ್ದು ನಿಂತಾಗಲೇ ಗುರುತ್ವದ ಸೆಳೆತಕ್ಕೆ ಅರ್ಧ ಲೀಟರಿಗೂ ಮಿಕ್ಕಿ ರಕ್ತ ಕಾಲಿನ ಕಡೆಗೆ ಇಳಿಯುತ್ತದೆ. ಹೃದಯದಿಂದ ಪಾದಕ್ಕೆ ೧.೨ ಮೀಟರು ಎಂದಿಟ್ಟುಕೊಂಡರೆ, ಆ ರಕ್ತಸ್ತಂಭದ ಒತ್ತಡ ಪಾದರಸದ ೯೦ ಮಿಲಿಮೀಟರಿನಷ್ಟು. ನಾಳಗಳು ಕೂಡಲೇ ಬಿಗಿದುಕೊಳ್ಳುವುದರಿಂದ ನಮಗೆ ಇದರ ಅರಿವೇ ಆಗುವುದಿಲ್ಲ. ಸಡಿಲಿದ, ಸೋರುತ್ತಿರುವ ನಾಳಗಳಿಗೆ ಆ ಶಕ್ತಿಯೆಲ್ಲಿಯದು? ಉಳಿದ ರಕ್ತವೂ ಕಾಲಿಗೆ ಇಳಿಯುತ್ತದೆ. ಹೃದಯಕ್ಕೆ ಮರಳಿ ಬರುವುದು ನಿಲ್ಲುತ್ತದೆ. ನೀರಿಲ್ಲದ ಬಾವಿಯಲ್ಲಿ ಓಡುವ ಪಂಪಿನಂತೆ ಹೃದಯ ಬರಿದೇ ಮಿಡಿದು ಸೋಲುತ್ತದೆ. ಬ್ರಿಟನ್ನಿನ ಪಂಫ್ರಿ ಎಂಬ ವೈದ್ಯರು ಇಂಥ ಮರಣಗಳ ದಾಖಲೆಗಳನ್ನು ಪರಿಶೀಲಿಸಿ, ಮಲಗಿದ್ದ ರೋಗಿಗಳನ್ನು ಎಬ್ಬಿಸಿ ಕೂರಿಸಿದ ಅಥವಾ ನಿಲ್ಲಿಸಿದ ಕೂಡಲೇ ಹೃದಯ ನಿಂತ ಪ್ರಸಂಗಗಳನ್ನು ೨೦೦೩ರಲ್ಲಿ ವರದಿ ಮಾಡಿದರು. ಮೋಟರ್ ಸೈಕಲ್ಲಿನ ಮೇಲೆ ಕೂತವನ ಕಥೆಯೂ ಇದೇ. ಆದಕಾರಣ ಅವನನ್ನು ನೆಲದ ಮೇಲೆ ಮಲಗಿಸಿ ಕಾಲುಗಳನ್ನು ಎತ್ತರಿಸಿಡಬೇಕು. ವಾಂತಿಯಾಗುತ್ತಿದ್ದರೆ ಮಗ್ಗುಲಿಗೆ, ಗರ್ಭಿಣಿಯಾದರೆ ಎಡಮಗ್ಗುಲಿಗೆ. ಉಸಿರಾಟವೇ ದೊಡ್ಡ ತೊಡಕಾಗಿ ಮಲಗಲಾರದವನು ಕಾಲುಚಾಚಿ ಒರಗಿ ಕೂರಬಹುದು. ಎದ್ದು ನಡೆಯುವುದು ಮಾತ್ರ ಸಲ್ಲದು. ‘ಈಗ ಪರವಾಗಿಲ್ಲ’ ಎಂದು ಅವನೇ ಹೇಳಿದರೂ ಸಲ್ಲದು.

ಗುರುತಿಸುವುದು ಹೇಗೆ? ರಕ್ತಪರೀಕ್ಷೆಗೆ ಕಾಯುವ ರೋಗವಲ್ಲ ಇದು. ಕಣ್ಣಿಗೆ ಕಾಣುವುದರಿಂದಲೇ ತೀರ್ಮಾನಿಸಬೇಕು. ಕುಟುಕಿದ ಜಾಗ ಎಷ್ಟೇ ಊದಲಿ, ಊತ ಅಲ್ಲಿಗೇ ಸೀಮಿತವಾಗಿದ್ದರೆ ಗಾಬರಿಯಿಲ್ಲ. ಕೊಂಡಿ ಕೈಗೆ ನಾಟಿ ದದ್ದು ಹೊಟ್ಟೆಯ ಮೇಲೆ ಎದ್ದರೆ, ತುಟಿ ನಾಲಗೆಗಳು ಊದಿದರೆ, ಪ್ರತಿಕ್ರಿಯೆ ಮೈಯೆಲ್ಲ ಹರಡಿದೆಯೆಂದು ಅರ್ಥ. ಚರ್ಮದ ಈ ಚಿಹ್ನೆಗಳ ಜೊತೆಗೆ ಉಸಿರಾಟದ ತೊಡಕೋ ತಲೆತಿರುಗುವಿಕೆಯೋ ಬಿಡದ ಹೊಟ್ಟೆನೋವು-ವಾಂತಿಗಳೋ ಸೇರಿದರೆ ಅನಾಫಿಲ್ಯಾಕ್ಸಿಸ್ ಎಂದೇ ತಿಳಿದು ನಡೆಯಬೇಕು. ಇಲ್ಲಿ ಎರಡು ಮೋಸಗಳುಂಟು. ಹತ್ತರಲ್ಲಿ ಒಬ್ಬಿಬ್ಬರಿಗೆ ದದ್ದು ಏಳುವುದೇ ಇಲ್ಲ. ಕುಟುಕಿದ ಕೆಲವು ನಿಮಿಷಗಳಲ್ಲಿ ನೇರವಾಗಿ ಕುಸಿಯುತ್ತಾರೆ. ಮತ್ತೊಂದು, ಭಯದಿಂದ ಬರುವ ಸಾಧಾರಣ ಮೂರ್ಛೆ. ಅದರಲ್ಲಿ ಮುಖ ಬಿಳಿಚುತ್ತದೆ, ನಾಡಿ ಸಾಮಾನ್ಯವಾಗಿ ನಿಧಾನ, ಮಲಗಿಸಿದರೆ ಒಂದೆರಡು ನಿಮಿಷದಲ್ಲಿ ಚೇತರಿಕೆ. ನವೆಯೂ ಇಲ್ಲ, ಸಿಳ್ಳುಸಿರೂ ಇಲ್ಲ. ಅನಾಫಿಲ್ಯಾಕ್ಸಿಸಿನಲ್ಲಿ ನಾಡಿ ಸಾಧಾರಣವಾಗಿ ವೇಗವಾಗಿಯೂ ಕ್ಷೀಣವಾಗಿಯೂ ಇರುತ್ತದೆ. ಮಾಸ್ಟ್ ಕೋಶಗಳು ಚೆಲ್ಲುವ ಟ್ರಿಪ್ಟೇಸ್ ಎಂಬ ವಸ್ತುವನ್ನು ಕೆಲವು ಗಂಟೆಗಳೊಳಗೆ ತೆಗೆದ ರಕ್ತದಲ್ಲಿ ಅಳೆಯಬಹುದು. ಅದು ನಡೆದುಹೋದದ್ದನ್ನು ಖಚಿತಪಡಿಸುವುದಕ್ಕೆ ಮಾತ್ರ.

ಚಿಕಿತ್ಸೆಯ ಮಾತಿಗೆ ಬಂದರೆ ಮದ್ದು ಒಂದೇ: ಅಡ್ರಿನಲಿನ್. ಭಯಗೊಂಡಾಗ ನಮ್ಮ ಮೂತ್ರಪಿಂಡದ ಮೇಲಣ ಗ್ರಂಥಿಗಳು ಸ್ರವಿಸುವ ರಸವೇ ಇದು. ಇದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ ಕೀರ್ತಿ ೧೯೦೧ರಲ್ಲಿ ಅದನ್ನು ಪ್ರಕಟಿಸಿದ ಜಪಾನಿನ ತಕಮೀನೆಗೆ ಸಲ್ಲುತ್ತದೆ. ರಿಶೆ ನೌಕೆಯನ್ನೇರಿದ ವರ್ಷವೇ ಅವನು ಹುಡುಕದಿದ್ದ ಮದ್ದೂ ಸಿದ್ಧವಾಗಿತ್ತೆಂಬುದು ಸೋಜಿಗ! ಮೇಲೆ ಹೇಳಿದ ಒಂದೊಂದು ಹಾನಿಗೂ ಇದು ಎದುರುತ್ತರ. ಹಿಗ್ಗಿದ ರಕ್ತನಾಳವನ್ನು ಬಿಗಿಯುತ್ತದೆ, ಬಿಗಿದ ಶ್ವಾಸನಾಳವನ್ನು ಸಡಿಲಿಸುತ್ತದೆ, ಹೃದಯದ ಬಡಿತಕ್ಕೆ ಬಲ ಕೊಡುತ್ತದೆ, ಮಾಸ್ಟ್ ಕೋಶಗಳು ಇನ್ನಷ್ಟು ಚೆಲ್ಲದಂತೆ ತಡೆಯುತ್ತದೆ. ಒಂದು ಮಿಲಿಲೀಟರಿನಲ್ಲಿ ಒಂದು ಮಿಲಿಗ್ರಾಮಿರುವ ದ್ರವವನ್ನು, ದೇಹದ ತೂಕದ ಒಂದು ಕಿಲೋಗ್ರಾಮಿಗೆ ೦.೦೧ ಮಿಲಿಗ್ರಾಮಿನಂತೆ, ವಯಸ್ಕರಿಗೆ ೦.೫ ಮಿಲಿಗ್ರಾಮು ಮೀರದಂತೆ, ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ ತರಬೇತಿ ಪಡೆದವರು ಚುಚ್ಚುತ್ತಾರೆ. ಗುಣ ಕಾಣದಿದ್ದರೆ ಐದು ನಿಮಿಷದ ಮೇಲೆ ಮತ್ತೊಮ್ಮೆ. ತೊಡೆಯೇ ಏಕೆ? ಕೆನಡಾದ ಎಸ್ಟೆಲ್ ಸೈಮನ್ಸ್ ಮತ್ತು ಸಂಗಡಿಗರು ೧೯೯೮ರಲ್ಲಿ ಮಕ್ಕಳಲ್ಲಿ ಅಳೆದಂತೆ, ತೊಡೆಯ ಸ್ನಾಯುವಿನಿಂದ ಮದ್ದು ಸುಮಾರು ೮ ನಿಮಿಷಗಳಲ್ಲಿ ರಕ್ತದಲ್ಲಿ ಗರಿಷ್ಠಮಟ್ಟ ಮುಟ್ಟಿತು. ಚರ್ಮದಡಿಗೆ ಚುಚ್ಚಿದಾಗ ೩೪ ನಿಮಿಷ ಹಿಡಿಯಿತು.

ಈ ನಿಮಿಷಗಳ ಬೆಲೆ ಎಷ್ಟೆಂಬುದನ್ನು ಪಂಫ್ರಿಯವರೇ ೨೦೦೦ದಲ್ಲಿ ತೋರಿಸಿದ್ದರು. ಮರಣಕ್ಕೀಡಾದವರಲ್ಲಿ ಉಸಿರಾಟ ಇಲ್ಲವೆ ಹೃದಯ ನಿಲ್ಲುವವರೆಗಿನ ಮಧ್ಯಕ ಕಾಲ ಆಹಾರದಿಂದಾದಾಗ ೩೦ ನಿಮಿಷ, ಕೀಟದ ಕುಟುಕಿನಿಂದ ೧೫ ನಿಮಿಷ, ಚುಚ್ಚಿದ ಔಷಧದಿಂದ ೫ ನಿಮಿಷ. ಅಜ್ಜೀಪುರದ ಹೊಲದಿಂದ ೧೫ ನಿಮಿಷದಲ್ಲಿ ಕೊಳ್ಳೇಗಾಲ ಮುಟ್ಟಿಸುವ ವಾಹನವಿಲ್ಲ. ಆದ್ದರಿಂದ ದೊಡ್ಡ ಆಸ್ಪತ್ರೆಯನ್ನು ಆರಿಸುತ್ತ ಕೂರದೆ, ಅಡ್ರಿನಲಿನ್ ಇರುವ ಅತಿ ಹತ್ತಿರದ ಆರೋಗ್ಯ ಕೇಂದ್ರವನ್ನು ಹಿಡಿಯಬೇಕು. ಇಲ್ಲವೆ ೧೦೮ಕ್ಕೆ ಕರೆಮಾಡಿ ‘ಜೇನು ಕುಟುಕಿದೆ, ಉಸಿರು ಕಟ್ಟುತ್ತಿದೆ’ ಎಂದು ಸ್ಪಷ್ಟವಾಗಿ ತಿಳಿಸಬೇಕು. ನಾವೇ ಒಯ್ಯಬೇಕಾಗಿ ಬಂದರೆ ಸರಕು ಸಾಗಿಸುವ ಆಟೋವಿನ ಹಲಗೆಯ ಮೇಲೆ ಮಲಗಿಸಿ ಒಯ್ಯುವುದು ಮೋಟರ್ ಸೈಕಲ್ಲಿಗಿಂತ ಲೇಸು. ಅಂಗಡಿಯ ಅಲರ್ಜಿ ಮಾತ್ರೆಯನ್ನು ನಂಬಿ ಕಾಯುವಂತಿಲ್ಲ. ಅದು ನವೆಯನ್ನು ಇಳಿಸೀತು. ಸೋರುವ ನಾಳವನ್ನು ಮುಚ್ಚದು. ಸ್ಟೆರಾಯ್ಡ್ ಚುಚ್ಚುಮದ್ದಿಗೆ ಕೆಲಸಮಾಡಲು ಗಂಟೆಗಳೇ ಬೇಕು. ಇವೆರಡೂ ಅಡ್ರಿನಲಿನ್ನಿನ ನಂತರದವು, ಅದರ ಬದಲಿಗೆ ಅಲ್ಲ. ಆಮ್ಲಜನಕ, ಸಿರೆಯ ಮೂಲಕ ದ್ರವ, ಇವು ಆಸ್ಪತ್ರೆಯ ಕೆಲಸ. ಒಮ್ಮೆ ಚೇತರಿಸಿಕೊಂಡವನಿಗೂ ಕೆಲವು ಗಂಟೆಗಳ ಮೇಲೆ ಎರಡನೆಯ ಅಲೆ ಬರಬಹುದಾದ್ದರಿಂದ ವೈದ್ಯರು ಅವನನ್ನು ಕೂಡಲೇ ಮನೆಗೆ ಕಳಿಸುವುದಿಲ್ಲ.

ಚುಚ್ಚಿದ ಔಷಧದಿಂದ ಐದೇ ನಿಮಿಷ ಎಂದೆವಷ್ಟೆ. ೨೦೨೧ರಲ್ಲಿ ಕೋವಿಡ್ ಲಸಿಕೆ ಹಾಕಿಸಿಕೊಂಡವರನ್ನು ಅರ್ಧ ಗಂಟೆ ಕುರ್ಚಿಯ ಮೇಲೆ ಕೂರಿಸಿದ್ದು ಇಂಥ ವಿರಳ ಪ್ರಸಂಗವನ್ನು ಕಣ್ಣೆದುರಿಗೇ ಹಿಡಿಯಲೆಂದು. ನಮ್ಮ ಹೊಲಗಾಡಿನ ಸೀಮೆಗೆ ಇನ್ನೂ ಹತ್ತಿರದ ಉದಾಹರಣೆ ಹಾವಿನ ಪ್ರತಿವಿಷ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳ ವಿಷವನ್ನು ಕುದುರೆಗೆ ಅಲ್ಪಾಲ್ಪವಾಗಿ ಚುಚ್ಚಿ, ಅದರ ರಕ್ತದಿಂದ ತಯಾರಿಸುವ ಮದ್ದಿದು. ಕುದುರೆಯ ಪ್ರೋಟೀನು ಮನುಷ್ಯನ ದೇಹಕ್ಕೆ ಪರಕೀಯವಾದುದರಿಂದ ಉಗ್ರಪ್ರತಿಕ್ರಿಯೆ ಅಪರೂಪವೇನಲ್ಲ. ಹಿಂದೆ ಚರ್ಮದಲ್ಲಿ ಒಂದು ತೊಟ್ಟು ಚುಚ್ಚಿ ಪರೀಕ್ಷಿಸುವ ಪದ್ಧತಿಯಿತ್ತು. ಅದರಿಂದ ಮುನ್ಸೂಚನೆ ಸಿಗದೆಂದು ತಿಳಿದು ಕೈಬಿಡಲಾಗಿದೆ. ಪ್ರತಿಕ್ರಿಯೆಗೆ ಹೆದರಿ ಪ್ರತಿವಿಷವನ್ನೇ ಕೊಡದೆ ಮುಂದಿನ ಊರಿಗೆ ಕಳಿಸುವುದು ಸರಿಯೆ? ದಾರಿಯಲ್ಲಿ ಕಳೆಯುವ ಕಾಲವೂ ಅಪಾಯವೇ. ಅಡ್ರಿನಲಿನ್ ತುಂಬಿದ ಸಿರಿಂಜನ್ನು ಪಕ್ಕದಲ್ಲಿಟ್ಟುಕೊಂಡು ಪ್ರತಿವಿಷ ಕೊಡುವುದೇ ಒಪ್ಪಿತವಾದ ಕ್ರಮ.

ಮತ್ತೆ ಜೇನಿಗೆ ಬರೋಣ. ಜೇನುನೊಣದ ಕೊಂಡಿಗೆ ಹಿಮ್ಮುಖವಾದ ಮುಳ್ಳುಗಳಿರುವುದರಿಂದ ಅದು ವಿಷದ ಚೀಲದೊಡನೆ ನಮ್ಮ ಚರ್ಮದಲ್ಲಿಯೇ ಉಳಿದು ತನ್ನಷ್ಟಕ್ಕೆ ವಿಷವನ್ನು ಒತ್ತುತ್ತಿರುತ್ತದೆ. ಮುಕ್ಕಾಲು ಮೂರುವೀಸ ವಿಷ ಇಪ್ಪತ್ತು ಸೆಕೆಂಡಿನಲ್ಲಿ ಇಳಿದುಹೋಗುವುದರಿಂದ, ಚಿವುಟಬೇಕೋ ಕೆರೆಯಬೇಕೋ ಎಂಬ ಚರ್ಚೆ ಬೇಡ. ಉಗುರಿನಿಂದಲೋ ಮತ್ತಾವುದರಿಂದಲೋ ಕೂಡಲೇ ಕಿತ್ತರಾಯಿತು. ಕೊಂಡಿಯ ಬುಡದಿಂದ ಹೊಮ್ಮುವ ಬಾಳೆಹಣ್ಣಿನಂಥ ವಾಸನೆಯು—ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ಐಸೋಅಮೈಲ್ ಅಸಿಟೇಟ್ ಎಂದರೆ ತಿಳಿದೀತು—ಉಳಿದ ನೊಣಗಳಿಗೆ ಯುದ್ಧದ ಕರೆ. ಆದ್ದರಿಂದ ಮೊದಲು ಆ ಜಾಗ ಬಿಟ್ಟು ಓಡಬೇಕು, ಕಿತ್ತುಕೊಳ್ಳುವುದು ಓಡುತ್ತಲೇ.

ಒಮ್ಮೆ ಉಳಿದುಕೊಂಡ ರೈತನ ಮುಂದಿನ ಪಾಡೇನು? ಅವನಿಗೆ ಮುಂದಿನ ಕುಟುಕೂ ಹೀಗೆಯೇ ಆಗುವ ಸಂಭವ ಉಂಟು. ಅಲರ್ಜಿಯ ತಜ್ಞರನ್ನು ಕಾಣಬೇಕು. ವಿಷಕ್ಕೆ ದೇಹವನ್ನು ಮೆಲ್ಲನೆ ಒಗ್ಗಿಸುವ ಚಿಕಿತ್ಸೆಯೊಂದಿದೆ. ಇಡೀ ಕೀಟವನ್ನು ಅರೆದು ತೆಗೆದ ಸಾರವನ್ನು ದಶಕಗಳ ಕಾಲ ಇದಕ್ಕಾಗಿ ಬಳಸುತ್ತಿದ್ದರು. ೧೯೭೮ರಲ್ಲಿ ಅಮೆರಿಕದ ಹಂಟ್ ಮತ್ತು ಸಂಗಡಿಗರು ಹೋಲಿಸಿ ನೋಡಿದಾಗ ಆ ಸಾರವು ಹುಸಿಮದ್ದಿಗಿಂತ ಮೇಲಲ್ಲವೆಂದೂ ಶುದ್ಧವಿಷವೇ ನಿಜವಾದ ರಕ್ಷಣೆಯೆಂದೂ ಸಿದ್ಧವಾಯಿತು. ಅತ್ಯಲ್ಪದಿಂದ ಆರಂಭಿಸಿ ಏರಿಸುತ್ತ ಹೋಗಿ, ಒಂದು ಮಟ್ಟದಲ್ಲಿ ನಿಲ್ಲಿಸಿ, ಮೂರರಿಂದ ಐದು ವರ್ಷ ಕೊಡುತ್ತಾರೆ. ದೇಹವು ಆಗ ಬೇರೊಂದು ಬಗೆಯ ಪ್ರತಿಕಾಯವನ್ನು ಹೆಚ್ಚಿಸಿಕೊಂಡು, ವಿಷವು ಮಾಸ್ಟ್ ಕೋಶವನ್ನು ಮುಟ್ಟುವ ಮೊದಲೇ ಹಿಡಿದುಹಾಕುತ್ತದೆ. ವರ್ಷಕ್ಕೆ ನೂರಾರು ಸಲ ಕುಟುಕಿಸಿಕೊಳ್ಳುವ ಜೇನುಸಾಕಣೆಗಾರರಲ್ಲಿಯೂ ಇದೇ ಪ್ರತಿಕಾಯ ಹೇರಳ. ಅಪರೂಪಕ್ಕೆ ಕುಟುಕಿಸಿಕೊಳ್ಳುವವರಿಗಿಂತ ಅವರಲ್ಲಿ ಅಲರ್ಜಿ ಕಡಿಮೆ. ಚಿಕಿತ್ಸೆಯಲ್ಲಿ ಕೊನೆಗೆ ನಿಲ್ಲಿಸುವ ಆ ಮಟ್ಟ ಎಷ್ಟು ಗೊತ್ತೆ? ೧೦೦ ಮೈಕ್ರೋಗ್ರಾಮು, ಅಂದರೆ ೦.೧ ಮಿಲಿಗ್ರಾಮು: ನಮ್ಮ ರೈತನ ಕತ್ತಿಗೆ ಆ ಒಂದು ಕೊಂಡಿ ಇಳಿಸಿದಷ್ಟೇ.